ಆರು ಹೊತ್ತಿನ ಔಷಧಿ

ನನ್ನ ಹೊಟ್ಟೆಯಲ್ಲಿ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದಾಗ ನನಗೆ ಮೂವತ್ತಾರು ವರ್ಷ. ಎಪ್ಪತ್ತರ ದಶಕದ ನಡುವಿನ ಮಾತು. ಶಿಕಾರಿಪುರದ ಒಂದು ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ಮಕ್ಕಳು ಎದುರಿಗೆ ಅಕ್ಕೋರೆ ಅನ್ನುತ್ತಿದ್ದರು, ಬೆನ್ನ ಹಿಂದೆ ಗುಂಡಕ್ಕೋರು ಅನ್ನುತ್ತಿದ್ದರು. ನನಗೆ ಗೊತ್ತಿತ್ತು. ಸಿಟ್ಟು ಬರುತ್ತಿರಲಿಲ್ಲ. ಸುಳ್ಳು ಹೇಳಿದರೆ ತಾನೆ ಸಿಟ್ಟು ಬರುವುದು?

ತಿನ್ನುವುದೆಂದರೆ ನನಗೆ ಅಷ್ಟು ಪ್ರೀತಿ. ಬೆಳಿಗ್ಗೆ ನಾಲ್ಕು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ಶಾಲೆಯ ಮೇಜಿನ ಖಾನೆಯಲ್ಲಿ ಸೀಮೆಸುಣ್ಣದ ಪಕ್ಕದಲ್ಲೇ ಹುರಿಗಡಲೆ, ಬೆಲ್ಲ. ಸಂಜೆ ಮನೆಗೆ ಬಂದರೆ ಸೀರೆ ಬದಲಿಸುವ ಮೊದಲೇ ಮಂಡಕ್ಕಿ ಕಲಸುತ್ತಿದ್ದೆ. ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನನ್ನ ಗಂಡ ಅಕ್ಕಿ ಗಿರಣಿಯ ಕೆಲಸ ಮುಗಿಸಿ ಬರುವವರೆಗೆ ಮನೆಯಲ್ಲಿ ಒಂದು ಸದ್ದಿರುತ್ತಿರಲಿಲ್ಲ. ಆ ಹೊತ್ತನ್ನು ನಾನು ತಿಂದು ಮುಗಿಸುತ್ತಿದ್ದೆ. ಇದನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತೇನೆ. ಆಗ ಯಾರಾದರೂ ಹೀಗೆ ಅಂದಿದ್ದರೆ ಅವರ ಮೈಮೇಲೆ ಬೀಳುತ್ತಿದ್ದೆ.

ಮೂವತ್ತು ದಾಟುವ ಹೊತ್ತಿಗೆ ಹೊಟ್ಟೆಯಲ್ಲಿ ಉರಿ ಶುರುವಾಯಿತು. ಏನಾದರೂ ತಿಂದರೆ ಉರಿ ತಣ್ಣಗಾಗುತ್ತಿತ್ತು, ಹಾಗಾಗಿ ಇನ್ನಷ್ಟು ತಿಂದೆ. ಹುಣ್ಣು ಬಲಿತು ಒಂದು ದಿನ ರಕ್ತ ವಾಂತಿಯಾಯಿತು. ಅರ್ಧ ದಿನದ ಬಸ್ ಪ್ರಯಾಣದ ದೂರದಲ್ಲಿದ್ದ ಒಂದು ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದರು. ವಾಪಸು ಬಂದಾಗ ಬೀದಿಯವರೆಲ್ಲ ನೋಡಲು ಬಂದರು. ಆ ವರ್ಷಗಳಲ್ಲಿ ಆಪರೇಷನ್ ಅಂದರೆ ಒಂದೇ ಅರ್ಥ, ಅದು ಸಂತಾನಹರಣದ್ದು. ಎದುರು ಮನೆಯ ಮುದುಕಿ ನನ್ನ ಕೈ ಹಿಡಿದು, 'ಮಕ್ಕಳೇ ಆಗಿಲ್ಲಲ್ಲವ್ವಾ, ನಿನಗ್ಯಾಕೆ ಮಾಡಿದ್ರು ಹಾಳಾದೋರು?' ಎಂದು ಅತ್ತೇಬಿಟ್ಟಳು. ಹೊಲಿಗೆ ಎಳೆಯುವಷ್ಟು ನಗು ಬಂತು. ಅವಳು ಹೋದ ಮೇಲೆ ಗೋಡೆಗೆ ಮುಖ ಮಾಡಿ ನಾನೂ ಅತ್ತೆ.

ಆಮೇಲೆ ಮೈ ಇಳಿಯತೊಡಗಿತು. ಎರಡು ತುತ್ತು ತಿಂದರೆ ಹೊಟ್ಟೆ ತುಂಬುತ್ತಿತ್ತು, ಮೂರನೆಯದು ತಿಂದರೆ ವಾಂತಿ. ಹಬ್ಬದಲ್ಲಿ ಒಂದು ಹೋಳಿಗೆ ತಿಂದು ಹತ್ತು ನಿಮಿಷಕ್ಕೆ ಮೈಯೆಲ್ಲ ಬೆವರಿ, ಎದೆ ಡವಡವ ಹೊಡೆದುಕೊಂಡು, ಚಾಪೆಯ ಮೇಲೆ ಬಿದ್ದುಕೊಂಡೆ. ಆರು ತಿಂಗಳಲ್ಲಿ ನಾನು ಅರ್ಧವಾದೆ. ರವಿಕೆಗಳನ್ನು ದರ್ಜಿ ಎರಡೆರಡು ಸಲ ಹಿಡಿದು ಬಿಗಿ ಮಾಡಿದ. ಶಾಲೆಯ ಹೆಂಗಸರು 'ಏನು ಚೆಂದ ಆಗೀರಿ!' ಎಂದು ಹೊಟ್ಟೆಕಿಚ್ಚು ಪಟ್ಟರು. ನನಗೆ ಮಾತ್ರ ಸಂಜೆಯಾದರೆ ಎಲ್ಲಿ ಕೂರಬೇಕು, ಕೈಯನ್ನು ಎಲ್ಲಿಡಬೇಕು ತಿಳಿಯುತ್ತಿರಲಿಲ್ಲ. ಡಾಕ್ಟರು ಕತ್ತರಿಸಿದ್ದು ಹೊಟ್ಟೆಯನ್ನು. ನನ್ನ ಚಟ ಹೊಟ್ಟೆಯಲ್ಲಿರಲಿಲ್ಲ.

ಅರಿಷ್ಟ ಬಂದದ್ದು ಆಗ. ನನ್ನ ಗಂಡನಿಗೆ ನಾನು ಸೊರಗುವುದನ್ನು ನೋಡಲಾಗಲಿಲ್ಲ. ಊರಿನ ಪಂಡಿತರೊಬ್ಬರನ್ನು ಕೇಳಿ, ದ್ರಾಕ್ಷಿ ಬೆಲ್ಲ ಹುಳಿ ಬರಿಸಿ ಮಾಡುವ ದ್ರಾಕ್ಷಾರಿಷ್ಟದ ಬಾಟಲಿ ತಂದರು. ರಕ್ತವಾಗುತ್ತದೆ, ಹಸಿವೆಯಾಗುತ್ತದೆ, ಪ್ರತಿ ಊಟದ ನಂತರ ಎರಡು ಚಮಚ, ಅಷ್ಟೇ ನೀರು ಬೆರೆಸಿ ಎಂದು ಪಂಡಿತರು ಹೇಳಿದ್ದರಂತೆ. ಅದರಲ್ಲಿ ತಪ್ಪೇನಿಲ್ಲ. ಬೇರೆಯವರು ದಿನಕ್ಕೆ ಎರಡು ಹೊತ್ತು ಉಣ್ಣುತ್ತಾರೆ. ನನಗೆ ಮಾತ್ರ ಆಸ್ಪತ್ರೆಯ ಡಾಕ್ಟರು, 'ಇನ್ನು ಮೇಲೆ ನಿಮಗೆ ಎರಡು ಊಟ ಇಲ್ಲ, ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ' ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ನಾನು ಲೆಕ್ಕದ ಅಕ್ಕೋರು. ಒಂದು ಊಟಕ್ಕೆ ಎರಡು ಚಮಚವಾದರೆ ಆರು ಊಟಕ್ಕೆ ಎಷ್ಟು? ಮೂರನೇ ಕ್ಲಾಸಿನ ಮಗುವೂ ಹೇಳುತ್ತದೆ. ಇಬ್ಬರು ವೈದ್ಯರ ಮಾತನ್ನೂ ಮೀರದೆ ನಾನು ದಿನಕ್ಕೆ ಆರು ಸಲ ಅರಿಷ್ಟ ಕುಡಿಯತೊಡಗಿದೆ.

ಮೊದಲ ದಿನವೇ ಅದು ಹಿಡಿಯಿತು. ನುಂಗಿ ಲೋಟ ಕೆಳಗಿಡುವಷ್ಟರಲ್ಲಿ ಹೊಟ್ಟೆಯಿಂದ ಕಿವಿಯವರೆಗೆ ಒಂದು ಬಿಸುಪು ಹತ್ತಿತು. ಆಪರೇಷನ್ ಆದ ಮೇಲೆ ಮೊದಲ ಬಾರಿಗೆ ತುಂಬಿದೆ ಅನ್ನಿಸಿತು. 'ಎಷ್ಟು ಒಳ್ಳೇ ಔಷಧೀರಿ, ಕೂಡಲೇ ಹತ್ತುತ್ತೆ' ಎಂದು ಗಂಡನಿಗೆ ಹೇಳಿದೆ. ಅವರ ಮುಖ ಅರಳಿತು.

ನಮ್ಮದು ಇಷ್ಟಲಿಂಗ ಕಟ್ಟಿಕೊಂಡ ಮನೆ. ನಮ್ಮ ಅತ್ತೆ ಬದುಕಿದ್ದಾಗ ಸಾರಾಯಿ ಎಂಬ ಶಬ್ದವನ್ನು ಕೂಡ ಬಾಯಲ್ಲಿ ಹೇಳುತ್ತಿರಲಿಲ್ಲ, 'ಅದು' ಅನ್ನುತ್ತಿದ್ದರು. ಅಂಥ ಮನೆಯಲ್ಲಿ ನನ್ನ ಬಾಟಲಿ ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ, ವಿಭೂತಿ ಗಟ್ಟಿಯ ಹತ್ತಿರ ನಿಂತಿತ್ತು. ಪೂಜೆ ಮುಗಿಸಿ, ಎರಡು ಇಡ್ಲಿ ತಿಂದು, ಅದೇ ಕೈಯಿಂದ ಅರಿಷ್ಟ ಸುರಿದುಕೊಳ್ಳುತ್ತಿದ್ದೆ. ಬಚ್ಚಿಡುವ ಪ್ರಶ್ನೆಯೇ ಇರಲಿಲ್ಲ. ಬಾಯಿಂದ ವಾಸನೆ ಬಂದರೆ ಔಷಧಿಯ ವಾಸನೆ, ಮಾತು ತೊದಲಿದರೆ ನಿಶ್ಶಕ್ತಿ, ಮಧ್ಯಾಹ್ನದ ತರಗತಿಯಲ್ಲಿ ಕುರ್ಚಿಯಲ್ಲೇ ನಿದ್ದೆ ಹೋದರೆ ಪಾಪ, ದೊಡ್ಡ ಆಪರೇಷನ್ ಆದವರು. ಹೆಡ್ಮೇಷ್ಟರು ಮಕ್ಕಳಿಗೆ ಗಲಾಟೆ ಮಾಡಬೇಡಿ ಎಂದು ಹೇಳಿ ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಿದ್ದರು. ಸುಸ್ತಾಯಿತು ಅಂದರೆ ಗಂಡ ಇನ್ನೆರಡು ಚಮಚ ಹಾಕಿಕೊಡುತ್ತಿದ್ದರು. ಒಂದು ವರ್ಷದಲ್ಲಿ ಚಮಚ ಹೋಗಿ ಲೋಟ ಬಂತು. ನೀರು ಬೆರೆಸುವುದು ಯಾವಾಗ ಬಿಟ್ಟೆನೋ ನೆನಪಿಲ್ಲ. ಬಾಟಲಿ ವಾರಕ್ಕೆ ಮುಂಚೆಯೇ ಮುಗಿಯುತ್ತದೆಂದು ನಾಚಿಕೆಯಾಗಿ, ಶಾಲೆಯಿಂದ ಬರುವಾಗ ಬೇರೆ ಅಂಗಡಿಯಲ್ಲಿ ನಾನೇ ಒಂದು ಕೊಂಡು ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಟ್ಟ ದಿನ ಮಾತ್ರ ಚೆನ್ನಾಗಿ ನೆನಪಿದೆ. ಔಷಧಿಯನ್ನು ಯಾರಾದರೂ ಅಕ್ಕಿಯಲ್ಲಿ ಹೂಳುತ್ತಾರೆಯೇ? ಆ ಪ್ರಶ್ನೆ ತಲೆಯೊಳಗೆ ಬಂತು. ಅಕ್ಕಿಯನ್ನು ಇನ್ನಷ್ಟು ಮೇಲೆಳೆದು ಮುಚ್ಚಿದೆ.

ಮೊದಲು ಕಂಡುಹಿಡಿದವಳು ಬಳೆಗಾರ್ತಿ. ನಮ್ಮ ಹಿಂದಿನ ಬೀದಿಯ ಸಾಬರ ಮನೆಯವಳು, ಐವತ್ತರ ಹತ್ತಿರದ ಹೆಂಗಸು. ಬೀದಿಯ ಹೆಂಗಸರೆಲ್ಲ ಬೂಬಮ್ಮ ಅಂತಲೇ ಕರೆಯುತ್ತಿದ್ದೆವು. ಬಳೆ ತೊಡಿಸುವವರಿಗೆ ಕೈ ಗೊತ್ತಿರುವಷ್ಟು ಕಟ್ಟಿಕೊಂಡ ಗಂಡನಿಗೂ ಗೊತ್ತಿರುವುದಿಲ್ಲ. ನನ್ನ ಮುಂಗೈ ದಪ್ಪ ಇದ್ದಾಗ ಅಂಗೈಯನ್ನು ಮಡಚಿ, ಹಿಸುಕಿ, ಮಾತಾಡಿಸುತ್ತಾ ಮರೆಸಿ ಬಳೆ ಏರಿಸುತ್ತಿದ್ದಳು. ಆ ದಿನ ನನ್ನ ತಂಗಿಯ ಬಾಣಂತನಕ್ಕೆ ಸೊರಬಕ್ಕೆ ಹೊರಡುವುದಿತ್ತು. ಬರಿಗೈಯಲ್ಲಿ ಹೋಗಬಾರದೆಂದು ಹಸಿರು ಬಳೆ ತೊಡಿಸಿಕೊಳ್ಳಲು ಕೂತೆ. ಬೂಬಮ್ಮ ಕೈ ಹಿಡಿದವಳು ಬಳೆಯನ್ನು ಅರ್ಧಕ್ಕೆ ಏರಿಸಿ ಹಾಗೇ ನಿಲ್ಲಿಸಿದಳು.

'ಅಕ್ಕೋರೆ, ಕೈ ಯಾಕೆ ಹಿಂಗೆ ನಡುಗ್ತಾವು?'

'ನಿಶ್ಶಕ್ತಿ' ಎಂದೆ.

'ಇವತ್ತು ಏನೇನು ತಗಂಡೀರಿ?'

'ಔಷಧಿ.'

ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. 'ನಮ್ಮ ಮನಿಯೋರೂ ಔಷಧಿ ಅಂತಾನೇ ತಗಂತಿದ್ರು. ಇಂಥದೇ ಬಾಟ್ಲಿ. ಸಾರಾಯಿ ಮುಟ್ಟಿದೋರಲ್ಲ. ಕೊನಿಗೆ ಕೈ ಹಿಂಗೇ ನಡುಗ್ತಿದ್ವು, ಗಾಜು ಹಿಡಿಯಾಕೆ ಬರ್ತಿರಲಿಲ್ಲ. ಬಿಟ್ಟುಬಿಡ್ರಿ ಅಕ್ಕೋರೆ.'

ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಕೈ ಕಿತ್ತುಕೊಂಡೆ. ಅರ್ಧ ಏರಿದ್ದ ಬಳೆ ಒಡೆದು ಮುಂಗೈ ಕೊಯ್ಯಿತು. 'ನಿಮ್ಮ ಮನೆ ಥರ ಅಂದ್ಕೊಂಡ್ಯಾ ನಮ್ಮನೇನ? ಲಿಂಗ ಕಟ್ಟಿದ ಮನೆ ಇದು' ಎಂದು ಕೂಗಿದೆ. ಅವಳು ಒಡೆದ ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡಳು. 'ನಮ್ಮದೂ ಐದು ಹೊತ್ತು ನಮಾಜಿನ ಮನೀನೇ ಅಕ್ಕೋರೆ' ಎಂದಷ್ಟೇ ಹೇಳಿ ಎದ್ದಳು. ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯ ಬರುವುದು ಕುಡಿದದ್ದಕ್ಕಲ್ಲ, ಆ ಮಾತಿಗೆ.

ಸೊರಬಕ್ಕೆ ಹೋದೆ. ನನ್ನ ತಂಗಿ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ನಮ್ಮ ತಾಯಿ ತೀರಿಕೊಂಡಾಗ ಅವಳಿಗೆ ಎಂಟು ವರ್ಷ. ಅವಳ ತಲೆ ಬಾಚಿದವಳು, ಮದುವೆ ಮಾಡಿದವಳು ನಾನು. ಈಗ ಅವಳಿಗೆ ಹೆಣ್ಣು ಮಗುವಾಗಿತ್ತು. ತವರಿಗೆ ಬರುವಷ್ಟು ಮೈಯಲ್ಲಿ ಕಸುವಿರಲಿಲ್ಲ. ಅವಳ ಅತ್ತೆಗೆ ಮಂಡಿನೋವು. ಬೇಸಿಗೆ ರಜೆ ಇದೆ, ಎರಡು ತಿಂಗಳ ಬಾಣಂತನ ನಾನೇ ಮಾಡುತ್ತೇನೆ ಎಂದು ಹೇಳಿಕಳಿಸಿದ್ದೆ. ತಂಗಿಗಾಗಿ ಹೋದೆ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಆ ಮಗುವಿಗಾಗಿ ಹೋದೆ. ನನ್ನ ಕೈಯಲ್ಲಿ ಒಂದು ಕೂಸು ಮಲಗಿ ಎದ್ದು ಬೆಳೆಯಬೇಕೆಂಬ ಆಸೆ ಮದುವೆಯಾದಾಗಿನಿಂದ ಇತ್ತು. ಇದೊಂದೇ ಅವಕಾಶ ಎಂದು ನನಗೆ ಗೊತ್ತಿತ್ತು.

ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಮೂರು ಬಾಟಲಿ ಇದ್ದವು. ಹತ್ತು ದಿನಕ್ಕೆ ಮುಗಿದವು. ಆದರೆ ಬಾಣಂತಿ ಇರುವ ಮನೆಯಲ್ಲಿ ಅರಿಷ್ಟಕ್ಕೇನು ಬರ? ನಮ್ಮ ಕಡೆ ಹೆತ್ತ ಹೆಣ್ಣಿಗೆ ದಶಮೂಲಾರಿಷ್ಟ ಕೊಡದ ಮನೆಯೇ ಇಲ್ಲ. ತಂಗಿಯ ಕೋಣೆಯ ಗೂಡಿನಲ್ಲಿ ಲೇಹದ ಭರಣಿ, ಕಾಳುಮೆಣಸಿನ ಪುಡಿ, ಪಕ್ಕದಲ್ಲಿ ಸಾಲಾಗಿ ಬಾಟಲಿಗಳು. ಅಳೆದು ಕೊಡುವವಳು ನಾನೇ. ಅವಳಿಗೆ ಎರಡು ಚಮಚ ಕೊಟ್ಟು, ಚಮಚ ತೊಳೆಯುವ ನೆವದಲ್ಲಿ ಅಡಿಗೆಮನೆಗೆ ಬಾಟಲಿಯನ್ನೂ ಒಯ್ದು ನಾನು ಎತ್ತುತ್ತಿದ್ದೆ. ಕಡಿಮೆಯಾದದ್ದು ಕಾಣಬಾರದೆಂದು ಬೆಲ್ಲ ಕರಗಿಸಿದ ನೀರು ಸುರಿದು ತುಂಬಿಸಿಡುತ್ತಿದ್ದೆ. ಬಣ್ಣ ಸರಿಯಾಗಿ ಹೊಂದುತ್ತಿತ್ತು. ಹಸಿ ಬಾಣಂತಿಯ ಔಷಧಿಯನ್ನು, ತಾಯಿಯಿಲ್ಲದ ಹುಡುಗಿಯ ಔಷಧಿಯನ್ನು, ಅವಳಿಗೆ ತಾಯಿಯಾಗಿ ಬಂದ ನಾನು ಕದ್ದು ಕುಡಿದೆ. ಇದನ್ನು ಬೇರೆ ಯಾವ ಮಾತಿನಲ್ಲೂ ಹೇಳಲು ನನಗೆ ಬರುವುದಿಲ್ಲ.

ಮಗುವಿಗೆ ಎರೆಯಲು ದಿನಾ ಒಬ್ಬ ಅಜ್ಜಿ ಬರುತ್ತಿದ್ದಳು. ಬಚ್ಚಲಲ್ಲಿ ಮಣೆ ಹಾಕಿ ಕಾಲು ನೀಡಿ ಕೂತು, ಎರಡು ಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿ, ಎಣ್ಣೆ ತೀಡಿ ನೀರು ಹೊಯ್ಯುವುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನ ಕಾಲುಗಳು ಆಸೆಯಿಂದ ತುಡಿಯುತ್ತಿದ್ದವು. ನಲವತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ಬರಲಿಲ್ಲ. ಅವಳ ಮೊಮ್ಮಗಳಿಗೆ ಕ್ಯಾಸನೂರಿನ ಕಡೆ ಕಾಡಿನಲ್ಲಿ ದರಕು, ಅಂದರೆ ಒಣಗಿದ ಎಲೆ, ಗುಡಿಸಿ ಬಂದ ಮೇಲೆ ಜ್ವರ ಹಿಡಿದಿತ್ತು. ಮಂಗನ ಕಾಯಿಲೆಯೋ ಏನೋ ಎಂದು ಹೆದರಿ ಅಜ್ಜಿ ಮನೆಯಲ್ಲೇ ಉಳಿದಳು.

'ನಾನೇ ಎರೀತೀನಿ' ಎಂದೆ.

ತಂಗಿ ಮಗುವನ್ನು ಎದೆಗೆ ಹಿಡಿದು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೊಟ್ಟಳು. ನಾನು ಬೆಳಿಗ್ಗೆಯಿಂದ ಎರಡು ಸಲ ಬಾಟಲಿ ಎತ್ತಿದ್ದೆ. ಕೈ ನಡುಗಬಾರದಲ್ಲ, ಮಗುವನ್ನು ಹಿಡಿಯುವ ಕೈ, ಅದಕ್ಕೇ ಎಂದು ನನಗೆ ನಾನೇ ಹೇಳಿಕೊಂಡು ಮೂರನೆಯ ಸಲವೂ ಎತ್ತಿ ಬಚ್ಚಲಿಗೆ ಹೋದೆ.

ಹಂಡೆಯ ನೀರು ಕಾಯ್ದು ಹಬೆ ತುಂಬಿತ್ತು. ಕೂಸು ನನ್ನ ಕಾಲ ಮೇಲೆ ಬೆಚ್ಚಗೆ, ಎಣ್ಣೆಯಲ್ಲಿ ಜಾರುತ್ತಾ, ಅಳುತ್ತಾ ಇತ್ತು. ಮೊದಲ ತಂಬಿಗೆ ಹೊಯ್ದೆ, ಎರಡನೆಯದು ಹೊಯ್ದೆ. ಅಷ್ಟು ಸಂತೋಷ ನನಗೆ ಅದುವರೆಗೆ ಆಗಿರಲಿಲ್ಲ. ಮೂರನೆಯ ತಂಬಿಗೆ ನನಗೆ ನೆನಪಿಲ್ಲ.

ಕಣ್ಣು ಬಿಟ್ಟಾಗ ನನ್ನ ತಲೆ ಗೋಡೆಗೆ ಒರಗಿತ್ತು. ಕಾಲ ಮೇಲೆ ಭಾರವಿರಲಿಲ್ಲ. ತಂಗಿ ಬಚ್ಚಲ ನೆಲದ ಮೇಲೆ ಮೊಣಕಾಲೂರಿ ಮಗುವನ್ನು ತಲೆಕೆಳಗಾಗಿ ಹಿಡಿದು ಬೆನ್ನು ತಟ್ಟುತ್ತಿದ್ದಳು. ಕೂಸು ನನ್ನ ಕಾಲಿನ ಸಂದಿಯಿಂದ ಜಾರಿ, ಹರಿದುಹೋಗದೆ ನಿಂತಿದ್ದ ನೀರಿಗೆ ಮುಖ ಕೊಟ್ಟು ಬಿದ್ದಿತ್ತು. ಅಳು ಕೇಳಿ ಬಂದವಳಲ್ಲ ಅವಳು, ಅಳು ನಿಂತದ್ದು ಕೇಳಿ ಬಂದವಳು. ಮೂಗಿನಿಂದ ಬಾಯಿಂದ ನೀರು ಬಂತು. ಆಮೇಲೆ ಕೆಮ್ಮು. ಆಮೇಲೆ, ದೇವರೇ, ಅಳು.

ಅವಳ ಅತ್ತೆ ಮಂಡಿ ಹಿಡಿದುಕೊಂಡು ಓಡೋಡಿ ಬಂದರು. 'ಎಂತಾತೇ? ಎಂತಾತು?'

ತಂಗಿ ನನ್ನನ್ನು ನೋಡಲಿಲ್ಲ. 'ಅಕ್ಕಂಗೆ ತಲೆ ತಿರುಗ್ತು' ಎಂದಳು.

'ಅಯ್ಯೋ, ಹೊಟ್ಟೆ ಕೊಯ್ಸಿಕೊಂಡ ಜೀವ, ಹಬೆಗೆ ತಡಕಳಾಕೆ ಆಗಿಲ್ಲ' ಎಂದು ಆ ಒಳ್ಳೆಯ ಹೆಂಗಸು ಮರುಗಿದರು. ನನ್ನನ್ನು ಎಬ್ಬಿಸಿ ನಡುಮನೆಯಲ್ಲಿ ಕಂಬಕ್ಕೆ ಒರಗಿಸಿದರು. ತಾವೇ ಕುಂಟುತ್ತಾ ಹೋಗಿ, ಗೂಡಿನಿಂದ ದಶಮೂಲಾರಿಷ್ಟದ ಹೊಸ ಬಾಟಲಿಯ ಮುಚ್ಚಳ ಒಡೆದು, ದೊಡ್ಡ ಚಮಚದಲ್ಲಿ ಸುರಿದು ನನ್ನ ತುಟಿಗೆ ಹಿಡಿದರು. 'ಬಾಯಿ ತೆಗಿ ತಾಯಿ, ಚೂರು ಶಕ್ತಿ ಬರ್ತದೆ.'

ತಂಗಿ ಎದುರಿಗೇ ನಿಂತಿದ್ದಳು, ಒದ್ದೆ ಕೂಸನ್ನು ಹೆಗಲಿಗೆ ಅವುಚಿಕೊಂಡು. ಈಗ ನೋಡಿದಳು. ಬೂಬಮ್ಮ ಹೇಳಿದ್ದು ನಿಜ ಎಂದು ನನಗೆ ಆ ಗಳಿಗೆಯಲ್ಲಿ ಚೆನ್ನಾಗಿ ಗೊತ್ತಿತ್ತು. ಮಗು ಸಾಯುತ್ತಿತ್ತು ಎಂದೂ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ನಾನು ಬಾಯಿ ತೆರೆದೆ.

ಮಾರನೆಯ ದಿನ ತಂಗಿ, 'ಅಕ್ಕನ ಮೈ ಸರಿಯಿಲ್ಲ, ಊರಿಗೆ ಕಳಿಸೋಣ' ಎಂದು ಎಲ್ಲರೆದುರು ಹೇಳಿದಳು. ನನ್ನ ಟ್ರಂಕನ್ನು ಅವಳೇ ತುಂಬಿದಳು. ನಾನು ಹೊರಡುವಾಗ ಮಗು ಕೋಣೆಯಲ್ಲಿ ಮಲಗಿತ್ತು. ನೋಡಿ ಹೋಗು ಎಂದು ಅವಳು ಹೇಳಲಿಲ್ಲ, ನೋಡುತ್ತೇನೆ ಎಂದು ಕೇಳುವ ಮುಖ ನನಗಿರಲಿಲ್ಲ.

ಶಿಕಾರಿಪುರದಲ್ಲಿ ಬಸ್ಸಿಳಿದವಳು ಮನೆಗೆ ಹೋಗದೆ ಟ್ರಂಕು ಸಮೇತ ಹಿಂದಿನ ಬೀದಿಗೆ ಹೋದೆ. ಬೂಬಮ್ಮ ಜಗಲಿಯ ಮೇಲೆ ಕೂತು ಬಳೆಗಳನ್ನು ಡಜನ್ ಡಜನ್ ಹುರಿಗೆ ಪೋಣಿಸಿ ಕಟ್ಟುತ್ತಿದ್ದಳು. ತಪ್ಪಾಯಿತು ಅನ್ನಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ. 'ಮಗೂನ ಬೀಳಿಸಿದೆ ಬೂಬಮ್ಮ' ಎಂದು ಅಲ್ಲೇ ಕುಸಿದೆ.

'ಐತಾ ಕೂಸು?'

'ಐತಿ.'

'ಹಂಗಾದ್ರೆ ಏಳ್ರಿ, ಇನ್ನೂ ಟೈಮ್ ಐತಿ' ಎಂದಳು. ನಾನು ಆಡಿದ್ದ ಮಾತನ್ನು ಅವಳು ಆಗಲೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಒಮ್ಮೆಲೇ ಬಿಡಬ್ಯಾಡ್ರಿ, ನಮ್ಮೋರು ಹಂಗೆ ಬಿಟ್ಟು ಫಿಟ್ಸ್ ಬಂದು ಬಿದ್ರು, ಡಾಕ್ಟರಿಗೆ ಹೇಳಿ ಬಿಡ್ರಿ ಎಂದು ಅವಳೇ ಕಲಿಸಿದಳು. ಊರಿಗೆ ಹೊಸದಾಗಿ ಬಂದಿದ್ದ ಒಬ್ಬ ಡಾಕ್ಟರ ಹತ್ತಿರ ಹೋದೆ. ದಿನಕ್ಕೆಷ್ಟು ಎಂದು ಕೇಳಿದರು. ಹೇಳಿದೆ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

'ಅಮ್ಮಾ, ಪೂರ್ತಿ ಹೊಟ್ಟೆ ಇದ್ದೋರಿಗೆ ಅರಿಷ್ಟದೊಳಗಿನ ಅಮಲು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೆ. ನಿಮಗೆ ನಿಲ್ಲೋಕೆ ಜಾಗಾನೇ ಇಲ್ಲ, ನೇರ ರಕ್ತಕ್ಕೆ ಹೋಗುತ್ತೆ. ಬೇರೆಯವರಿಗೆ ನಾಲ್ಕು ಲೋಟ ಮಾಡೋದನ್ನ ನಿಮಗೆ ಒಂದೇ ಲೋಟ ಮಾಡುತ್ತೆ. ಯಾರೂ ಹೇಳಲಿಲ್ವಾ?'

ಯಾರು ಹೇಳಬೇಕಿತ್ತು? ಹೊಟ್ಟೆ ಕೊಯ್ದವರಿಗೆ ಅರಿಷ್ಟದ ಸುದ್ದಿ ಗೊತ್ತಿರಲಿಲ್ಲ, ಅರಿಷ್ಟ ಕೊಟ್ಟವರಿಗೆ ಹೊಟ್ಟೆ ಕೊಯ್ದ ಬಗೆ ಗೊತ್ತಿರಲಿಲ್ಲ. ಇಬ್ಬರ ಮಾತನ್ನೂ ಕೂಡಿಸಿ ಉತ್ತರ ಬರೆದವಳು ನಾನು.

ಗಂಡನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವರು ನಂಬಲೇ ಇಲ್ಲ. ಹಲಗೆಯ ಮೇಲಿನ ಬಾಟಲಿ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದರು. 'ಔಷಧಿ ಅಲ್ಲೇನೇ ಇದು? ನಾನೇ ತಂದುಕೊಟ್ಟೀನಿ. ನಾನು ನಿನಗೆ ಅಂಥದ್ದು ತಂದುಕೊಡ್ತೀನಾ?' ಎಂದರು. ನಿಮ್ಮ ತಪ್ಪಿಲ್ಲ ಎಂದೆ. ಆ ಮನುಷ್ಯ ಬಾಟಲಿ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತು ಮಕ್ಕಳ ಹಾಗೆ ಅತ್ತರು. ಅವರನ್ನು ಸಮಾಧಾನ ಮಾಡುವಾಗಲೂ ನನ್ನ ಕಣ್ಣು ಆ ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತಿತ್ತು.

ಮುಂದಿನ ಹತ್ತು ದಿನ ಜ್ವರವೆಂದು ಶಾಲೆಗೆ ಹೇಳಿಕಳಿಸಿ, ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಾ, ಹಾಸಿಗೆಯಲ್ಲಿ ನಡುಗಿದೆ, ಬೆವರಿದೆ, ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಕಂಡೆ. ಅದು ದೊಡ್ಡ ಕಷ್ಟವಲ್ಲ. ದೊಡ್ಡ ಕಷ್ಟ ಆಮೇಲಿನದು. ಅರಿಷ್ಟ ಹೋಯಿತು, ಆದರೆ ಅದರ ಆರು ಹೊತ್ತು ಹಾಗೇ ಉಳಿದಿತ್ತು. ಆರು ಸಲ ಎರಡೆರಡು ತುತ್ತು ತಿನ್ನಲೇಬೇಕು, ತಿಂದ ಕೂಡಲೇ ಕೈ ಹಲಗೆಯ ಕಡೆ ಹೋಗುತ್ತಿತ್ತು. ಸಂಜೆಯ ಹೊತ್ತಂತೂ ಕೊಲ್ಲುತ್ತಿತ್ತು. ಆಗ ಬೂಬಮ್ಮ, 'ಮನ್ಯಾಗೆ ಒಬ್ಬರೇ ಕೂತ್ರೆ ಆಗಂಗಿಲ್ಲ, ಬರ್ರಿ' ಎಂದು ಜಗಲಿಗೆ ಕರೆದು ಕೈಗೆ ಹುರಿ ಕೊಟ್ಟಳು. ಶಾಲೆ ಬಿಟ್ಟ ಮೇಲೆ ದಿನಾ ಅವಳ ಪಕ್ಕ ಕೂತು ಬಳೆ ಪೋಣಿಸಿದೆ. ಮೊದಮೊದಲು ಪೋಣಿಸಿದ್ದಕ್ಕಿಂತ ಒಡೆದದ್ದೇ ಹೆಚ್ಚು. ಅವಳು ಚೂರುಗಳನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಹಿಡಿ ಮುಂದಿಡುತ್ತಿದ್ದಳು. ಅಕ್ಕೋರು ಬಳೆ ವ್ಯಾಪಾರ ಹಿಡಿದರು ಎಂದು ಊರು ನಕ್ಕಿತು. ನನ್ನ ಗಂಡನಿಗೆ ಮುಜುಗರವಾಯಿತು. ಆದರೂ ಬೇಡ ಅನ್ನಲಿಲ್ಲ.

ಎರಡು ಸಲ ಮತ್ತೆ ಬಾಟಲಿ ಎತ್ತಿದೆ. ಒಮ್ಮೆ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಬಾಣಂತಿಯನ್ನು ನೋಡಲು ಹೋದಾಗ. ಇನ್ನೊಮ್ಮೆ ಯಾವ ಕಾರಣವೂ ಇಲ್ಲದೆ, ಒಂದು ಸೋಮವಾರ. ಎರಡು ಸಲವೂ ಮಾರನೆಯ ದಿನ ಬೂಬಮ್ಮನಿಗೆ ಹೇಳಿದೆ. ಅವಳು 'ಹೂಂ' ಅಂದಳು ಅಷ್ಟೇ. ಬೈಯಲೂ ಇಲ್ಲ, ಪರವಾಗಿಲ್ಲ ಅನ್ನಲೂ ಇಲ್ಲ.

ತಂಗಿ ಒಂದು ವರ್ಷ ಬರಲಿಲ್ಲ. ಬರೆದ ಕಾಗದಗಳಿಗೆ ಅವಳ ಗಂಡ ಎಲ್ಲರೂ ಕ್ಷೇಮ ಎಂದು ಉತ್ತರ ಬರೆಯುತ್ತಿದ್ದರು. ಮಗುವಿಗೆ ಹಲ್ಲು ಬಂದದ್ದು, ನಿಂತದ್ದು ಎಲ್ಲ ಆ ಕಾಗದಗಳಲ್ಲೇ ನನಗೆ ತಿಳಿದದ್ದು. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ, ಹೇಳದೆ ಕೇಳದೆ, ಮಗುವನ್ನು ಎತ್ತಿಕೊಂಡು ಅವಳೊಬ್ಬಳೇ ಬಾಗಿಲಲ್ಲಿ ನಿಂತಿದ್ದಳು. ಈಸೂರಿನಲ್ಲಿ ನೆಂಟರ ಮನೆಯ ಮದುವೆಯಂತೆ, ಸಂಜೆ ಹೊರಡಬೇಕಂತೆ.

ನಡುಮನೆಯಲ್ಲಿ ಚಾಪೆ ಹಾಸಿದೆ. ಎದುರು ಬದುರು ಕೂತೆವು. ಮಗು ಅವಳ ತೊಡೆಯ ಮೇಲೆ ನಿಂತು ನನ್ನನ್ನು ನೋಡುತ್ತಿತ್ತು, ದೊಡ್ಡ ಕಣ್ಣು, ನಮ್ಮ ತಾಯಿಯ ಹಣೆ. ನಾನು ಕೈ ಚಾಚಲಿಲ್ಲ. ಮೊದಲು ಹೇಳಬೇಕಿದ್ದುದನ್ನು ಹೇಳಿದೆ. ಅವಳ ಬಾಟಲಿಯಿಂದ ಕುಡಿದದ್ದು, ಬೆಲ್ಲದ ನೀರು ತುಂಬಿದ್ದು, ಆ ಬೆಳಿಗ್ಗೆ ಮೂರು ಸಲ ಎತ್ತಿದ್ದು.

ಅವಳು ತಲೆ ತಗ್ಗಿಸಿ ಮಗುವಿನ ಕಾಲುಗೆಜ್ಜೆ ತಿರುಗಿಸುತ್ತಿದ್ದಳು. 'ನಂಗೆ ಗೊತ್ತಿತ್ತು ಅಕ್ಕಾ.'

'ಯಾವಾಗಿಂದ?'

'ಮೊದಲನೇ ವಾರದಿಂದ. ಔಷಧಿ ಸಪ್ಪೆ ಆಗಿತ್ತು. ನೀ ಅಡಿಗೆಮನೇಲಿ ಎತ್ತೋದು ಕಿಟಕೀಲಿ ಕಂಡೆ.' ಅವಳು ಗೆಜ್ಜೆ ಬಿಟ್ಟು ತಲೆ ಎತ್ತಿದಳು. 'ಕೇಳಿದ್ರೆ ನೀ ಹೊರಟುಹೋಗ್ತೀಯ ಅಂತ ಹೆದರಿಕೆ ಆತು. ನಂಗೆ ಇನ್ಯಾರಿದ್ರು ಅಕ್ಕಾ? ಅದಕ್ಕೆ ಸುಮ್ನಿದ್ದೆ. ಅವತ್ತು ನೀ ಬಚ್ಚಲಿಗೆ ಹೊಂಟಾಗ್ಲೂ ನಿನ್ನ ಬಾಯಿ ವಾಸನೆ ಬಂತು. ಗೊತ್ತಿದ್ದೂ ಕೊಟ್ಟೆ.'

ಒಂದು ವರ್ಷದಿಂದ ನಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದೆ. ಅವಳು ಅದನ್ನು ಹೊತ್ತುಕೊಂಡು ದಿನಾ ಆ ಮಗುವಿಗೆ ಎರೆದಿದ್ದಳು. ನನ್ನಿಂದ ಅವಳಿಗೆ ಏನೇನು ಕಳೆಯಿತು ಎಂದು ನನಗೆ ಆಗ ತಿಳಿಯಿತು. ಸಮಾಧಾನ ಮಾಡಲು ನನಗೆ ಯಾವ ಹಕ್ಕೂ ಇರಲಿಲ್ಲ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮಗುವನ್ನು ಎತ್ತಿ ನನ್ನ ತೊಡೆಯ ಮೇಲೆ ಕೂರಿಸಿದಳು. ಮಗು ಅಳಲಿಲ್ಲ. ನನ್ನ ಸರ ಹಿಡಿದು ಎಳೆಯಿತು. ಭಾರವಾಗಿತ್ತು, ಬಿಸಿಯಾಗಿತ್ತು. ತಂಗಿ ಹಿಂದೆ ಸರಿದು ಕೂತಳು, ಆದರೆ ಅವಳ ಎಡಗೈ ಮಗುವಿನ ತೋಳನ್ನು ಬಿಟ್ಟಿರಲಿಲ್ಲ. ಅದನ್ನು ನಾನು ನೋಡಿದೆ. ನೋಡಿದ್ದನ್ನು ಅವಳೂ ನೋಡಿ, ನಾಚಿ, ಬೆರಳು ಸಡಿಲಿಸಿದಳು.

'ಬಿಡಬೇಡ' ಎಂದೆ. 'ಹಿಡ್ಕೊಂಡೇ ಇರು.'

ಅವಳು ಮತ್ತೆ ಬಿಗಿಯಾಗಿ ಹಿಡಿದುಕೊಂಡಳು.